ಎರಡನೇ ಬ್ರೇಕು

ಮೈಸೂರಿನಿಂದ ಬಂದ ಹಲ್ಲಿನ ಡಾಕ್ಟರು, ಪೂವಯ್ಯ ಅಂತ,
ಟಾರ್ಚು ಹಿಡಿದು ಕಾರಿನಡಿಗೆ ಅಂಗಾತ ಜಾರಿದ್ದಾರೆ.
ಬಿಳಿ ಷೂ ಎರಡು ಮಾತ್ರ ಹೊರಗೆ.
ಒಳಗಿಂದ ಒಂದೊಂದೇ ಮಾತು:
ಇಲ್ಲಿ ತುಕ್ಕು. ಇಲ್ಲೂ.
ಪರವಾಗಿಲ್ಲ, ಬೇರು ಗಟ್ಟಿ ಇದೆ.

ಗುಬ್ಬಿ ಗೇಟಿನ ಈ ಶೆಡ್ಡಿನ ಗೋಡೆಗೆ
ಪಾಲಿಕೆಯವರು ಕೆಂಪು ಗೀಟೆಳೆದು ಎರಡು ತಿಂಗಳು.
ರಸ್ತೆ ಅಲ್ಲಿವರೆಗೆ ಬರುತ್ತದಂತೆ.
ಗೀಟನ್ನು ನೆಲಕ್ಕಿಳಿಸಿದರೆ
ಫಿಯೆಟ್ಟಿನ ಮುಂದಿನ ಸೀಟು ರಸ್ತೆಯಲ್ಲಿ,
ಹಿಂದಿನದು ನಮ್ಮಲ್ಲಿ.

ಅಪ್ಪ, ಕೆಂಪಹೊನ್ನಯ್ಯ, ಇದರಲ್ಲೇ ತುಮಕೂರಿಗೆ ಕಾರು ಕಲಿಸಿದ್ದು.
ಎಡಗಡೆ ಕೂತವನಿಗೂ ಒಂದು ಬ್ರೇಕು ಬೇಕೆಂದು
ಮಂಡಿಪೇಟೆಯ ಲತೀಫ್ ಸಾಬರಿಗೆ
ಹಳೇ ಮಂಚದ ಕಂಬಿ ಕೊಟ್ಟು ಬೆಸೆಸಿದರು.
ಮಂಚ ಅವ್ವನ ಬಾಣಂತನದ್ದು.
ಅವ್ವ ಎರಡು ದಿನ ಮಾತಾಡಲಿಲ್ಲ.
ಮೂರನೇ ದಿನ ಹುಣಸೇಹಣ್ಣು, ಬೂದಿ ತಂದು
ಹೆಡ್‌ಲೈಟಿನ ಬಳೆ ತಿಕ್ಕಿದಳು,
ದೇವರ ಕೋಣೆಯ ದೀಪಕ್ಕೆ ತಿಕ್ಕುವ ಹಾಗೆಯೇ,
ಅಷ್ಟೇ ಸಿಟ್ಟಿನಲ್ಲಿ.

ಎಡಬಾಗಿಲ ನೆಗ್ಗು: ಸರ್ಕಲ್ ಇನ್ಸ್‌ಪೆಕ್ಟರ ಹೆಂಡತಿ, ಬಟವಾಡಿಯ ಮೈಲಿಗಲ್ಲು.
ಹಿಂದಿನ ಬಂಪರು: ಸಂಸ್ಕೃತದ ಮೇಷ್ಟ್ರು, ಬೆಲ್ಲದ ಗಾಡಿ.
ಬಾನೆಟ್ಟಿನ ಮೂಗು: ನಾನು, ಹದಿನೇಳು ವರ್ಷ.
ಅಷ್ಟು ದೊಡ್ಡ ಕಾಲೇಜು ಮೈದಾನದಲ್ಲಿ
ಇದ್ದದ್ದು ಒಂದೇ ಗೋಲ್ ಕಂಬ.
ಒಂದನ್ನೂ ಎತ್ತಿಸಲಿಲ್ಲ ಅಪ್ಪ.
ಸ್ಲೇಟು ಒರೆಸೋದು ಮಕ್ಕಳ ಕೆಲಸ, ಅನ್ನುತ್ತಿದ್ದರು.
ಅದರ ಅರ್ಥ ನನಗೆ ಇನ್ನೂ ಪೂರ್ತಿ ಆಗಿಲ್ಲ.

ಡಾಕ್ಟರು ಹೊರಬಂದು ಬೆನ್ನು ಕೊಡವಿಕೊಂಡರು.
ಮೂರು ಇಪ್ಪತ್ತು ಕೊಡ್ತೀನಿ ಮೇಡಂ.
ನೆಗ್ಗೆಲ್ಲ ಎತ್ತಿಸಿ, ಹಳೇ ಬಣ್ಣವನ್ನೇ ಹುಡುಕಿ,
ಕಂಪನಿಯಿಂದ ಇಳಿದ ದಿನ ಹೇಗಿತ್ತೋ ಹಾಗೆ ಮಾಡ್ತೀನಿ.
ಈ ಪೆಡಲೊಂದು ಮಾತ್ರ ಒರಿಜಿನಲ್ ಅಲ್ಲ,
ಕೀಳಿಸಬೇಕಾಗತ್ತೆ.

ಕೀಳಿಸುವ ಮಾತು ಅವರ ಬಾಯಲ್ಲಿ
ಎಷ್ಟು ಮೆತ್ತಗೆ.

ಕಂಪನಿಯಿಂದ ಇಳಿದ ದಿನ
ಅದಕ್ಕೆ ತುಮಕೂರು ಗೊತ್ತಿರಲಿಲ್ಲ.

ಆದರೆ ನಾನೇನು ಇದಕ್ಕೆ ಕುಂಕುಮ ಇಟ್ಟವಳಲ್ಲ.
ಹತ್ತೊಂಬತ್ತು ವರ್ಷ ಹಿಂದಿನ ಸೀಟಿನಲ್ಲಿ
ಎಲ್ಲೆಲ್ಲಿನ ಫಾರಂ ಪೇರಿಸಿದ್ದೇನೆ,
ಹೆಗ್ಗಣ ಅವುಗಳ ಮೇಲೆ ಮರಿ ಹಾಕಿದೆ.
ಮೂರು ಇಪ್ಪತ್ತಕ್ಕೆ ಒಂದಿಷ್ಟು ಸಾಲ ಸೇರಿಸಿದರೆ
ಗೇರಿಲ್ಲದ ಕಾರು ಬರುತ್ತೆ.
ಕಲಿಯಲು ಬರುವವರು ಈಗ ಕೇಳುವುದೇ ಅದನ್ನು;
ಕ್ಲಚ್ಚು ಅಂದರೆ
ಯಾವ ತಾಲ್ಲೂಕು ಅದು ಅನ್ನೋ ಹಾಗೆ ನೋಡುತ್ತಾರೆ.

ಬೆಳಕಲ್ಲಿ ಒಂದು ಸಲ ನೋಡಿಬಿಡೋಣ ಅಂದರು.
ಪಾಠಕ್ಕೆ ಬಂದಿದ್ದ ಮೂವರು ಹುಡುಗಿಯರು ಹಿಂದಿನಿಂದ ನೂಕಿದರು.
ಡಾಕ್ಟರು ಸ್ಟಿಯರಿಂಗಿಗೆ, ನಾನು ಎಡಕ್ಕೆ.
ಒಣ ಟೈರು ನೆಲ ಬಿಟ್ಟ ಸದ್ದು.
ಇಳಿಜಾರು.
ಹುಣಸೆಮರ.
ಅವರು ತುಳಿದರು. ನಾನೂ ತುಳಿದೆ,
ತುಳಿದದ್ದು ನನಗೆ ಗೊತ್ತಾಗುವ ಮೊದಲೇ.
ಮಂಚದ ಕಂಬಿ ಮೆಲ್ಲಗೆ ನೆಲ ಮುಟ್ಟಿತು,
ನಿದ್ದೆಗೆ ಜಾರಿದವರ ಕೈ ಹಾಗೆ.
ಎಣ್ಣೆ ಯಾವತ್ತೋ ಆರಿಹೋಗಿದೆ.

ಢಬ್.

ಬಾನೆಟ್ಟಿನ ಮೇಲೆ ನಾಲ್ಕು ಒಣ ಹುಣಸೆಕಾಯಿ.
ಡಾಕ್ಟರು ಎರಡೂ ಅಂಗೈ ನೋಡಿಕೊಳ್ಳುತ್ತಿದ್ದಾರೆ.
ಎಲ್ಲರೂ ಹಾಗೇ,
ತಪ್ಪು ಅಲ್ಲೆಲ್ಲೋ ಅಂಟಿರಬೇಕು ಅನ್ನುವ ಹಾಗೆ.
ಬಾಗಿಲಿಗೆ ಕೈ ಹಾಕಿದರು.

ಇಳೀಬೇಡಿ, ಅಂದೆ.
ಅಪ್ಪನ ಧ್ವನಿ ಅಂತ ಹೇಳಿಬಿಡಬಹುದಿತ್ತು. ಅಲ್ಲ,
ನನ್ನದೇ, ಇಪ್ಪತ್ತಾರು ವರ್ಷದಿಂದ.
ಮೊದಲು ಹ್ಯಾಂಡ್‌ಬ್ರೇಕು.

ಎಳೆದರು. ಕಿರ್ರೆಂದಿತು.
ಹಿಡಿಯಿತು.

ಹೊಸ ನೆಗ್ಗು ನೋಡಲು ಹುಡುಗಿಯರು ಮುಂದಕ್ಕೆ ಓಡಿದರು.
ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿರುವ ಕಾರಿನಲ್ಲಿ
ನಡುವೆ ಇನ್ನೊಬ್ಬರಿಗೆ ಜಾಗ ಇರುತ್ತೆ.
ಮೂರು ಲಕ್ಷ ಇಪ್ಪತ್ತು ಸಾವಿರ
ಅಲ್ಲಿ ಕೂತಿತ್ತು,
ನಮ್ಮಿಬ್ಬರಿಗೂ ಭುಜ ತಾಗಿಸಿಕೊಂಡು.